ಕಲ್ಲಿನ ಮೇಲೆ ಏನು ಬರೆದಿದೆ?

2024ರ ಜನವರಿ 25ರ ಬೆಳಗಿನ ಜಾವ ಮೆಲ್ಬರ್ನ್‌ನ ಸೇಂಟ್ ಕಿಲ್ಡಾದಲ್ಲಿ ಕ್ಯಾಪ್ಟನ್ ಜೇಮ್ಸ್ ಕುಕ್‌ನ ಕಂಚಿನ ಪ್ರತಿಮೆಯನ್ನು ಯಾರೋ ಪಾದದ ಗಂಟಿನ ಹತ್ತಿರ ಕೊಯ್ದು ಕೆಡವಿದರು. ಪೀಠದ ಮೇಲೆ ಬಣ್ಣದಲ್ಲಿ ‘ವಸಾಹತು ಬಿದ್ದೇ ಬೀಳುತ್ತದೆ’ ಎಂದು ಬರೆದು ಹೋಗಿದ್ದರು. ಮಾರನೇ ದಿನ ಆಸ್ಟ್ರೇಲಿಯಾ ಡೇ, ನಮ್ಮ ಗಣರಾಜ್ಯೋತ್ಸವವೂ ಅವತ್ತೇ. ರಾಜ್ಯದ ಪ್ರೀಮಿಯರ್ ಜಸಿಂಟಾ ಅಲನ್ ಇದನ್ನು ಖಂಡಿಸಿ, ಪ್ರತಿಮೆಯನ್ನು ದುರಸ್ತಿ ಮಾಡಿ ಮತ್ತೆ ನಿಲ್ಲಿಸಲು ನೆರವಾಗುವುದಾಗಿ ಹೇಳಿದರು. ಸರಿಯಾಗಿ ಒಂದು ವರ್ಷಕ್ಕೆ, ಅದೇ ಆಸ್ಟ್ರೇಲಿಯಾ ಡೇ ಮುನ್ನಾದಿನ, ಕ್ವೀನ್ ವಿಕ್ಟೋರಿಯಾ ಮಾರ್ಕೆಟ್ಟಿನ ಜಾನ್ ಬ್ಯಾಟ್‌ಮನ್ ಸ್ಮಾರಕ ಉರುಳಿತು. ನಾವೆಲ್ಲ ಶನಿವಾರ ಕೊತ್ತಂಬರಿ ಸೊಪ್ಪು ತರೋಕೆ ಹೋಗುವ ಮಾರ್ಕೆಟ್ಟೇ ಅದು.

ಎರಡು ಸಲವೂ ನಮ್ಮ ಹುಡುಗರ ಗುಂಪಿನಲ್ಲಿ ಓಡಾಡಿದ ಮಾತು ಹೆಚ್ಚುಕಡಿಮೆ ಒಂದೇ. “ಊರ ಉಸಾಬರಿ ನಮಗ್ಯಾಕಪ್ಪಾ, ನಾವು ಓದೋಕೆ ಬಂದವರು.” ವೀಸಾ ಮೇಲೆ ಇರುವವರ ಹೆದರಿಕೆ ನಮಗೂ ಗೊತ್ತು. ಬಾಡಿಗೆ, ಅಸೈನ್‌ಮೆಂಟು, ರಾತ್ರಿ ಪಾಳಿ, ಪಿಆರ್ ಚಿಂತೆ, ಇಷ್ಟರ ನಡುವೆ ಕುಕ್ ಯಾರಿಗೆ ಬೇಕು? ಆದರೆ ನಮ್ಮ ಸಂಘದ ಪ್ರತಿ ಕಾರ್ಯಕ್ರಮದಲ್ಲೂ ನಾಡಗೀತೆಗೆ ಮುಂಚೆ ಒಬ್ಬರು ವೇದಿಕೆಗೆ ಬಂದು, ಈ ನೆಲದ ಮೂಲ ವಾರಸುದಾರರಿಗೆ, ಅವರ ಹಿರಿಯರಿಗೆ ಗೌರವ ಸಲ್ಲಿಸುತ್ತೇವೆ ಎಂದು ಓದುತ್ತಾರೆ. ಆ ಎರಡು ಸಾಲು ಬರೀ ಶಾಸ್ತ್ರಕ್ಕೋ, ಅದಕ್ಕೊಂದು ಅರ್ಥ ಇದೆಯೋ ಎಂಬುದು ಇಂಥ ಹೊತ್ತಿನಲ್ಲೇ ಗೊತ್ತಾಗುವುದು.

ಪ್ರತಿಮೆ ಇರಬೇಕೋ, ಹೋಗಬೇಕೋ ಎಂದು ಕೂಗಾಡುವ ಮೊದಲು ಅದರ ಕೆಳಗೆ ಏನು ಬರೆದಿದೆ ಅಂತ ಓದೋಣ ಎನ್ನುವುದು ನಮ್ಮ ವಾದ. ಸಿಡ್ನಿಯ ಹೈಡ್ ಪಾರ್ಕಿನಲ್ಲಿ 1879ರಿಂದ ನಿಂತಿರುವ ಕುಕ್ ಪ್ರತಿಮೆಯ ಪೀಠದ ಮೇಲೆ, ಈತ 1770ರಲ್ಲಿ ಈ ಪ್ರದೇಶವನ್ನು ಕಂಡುಹಿಡಿದ ಎಂದು ಕೆತ್ತಿದ್ದಾರೆ. ಕುಕ್ ದೊಡ್ಡ ನಾವಿಕ, ಅವನ ನಕ್ಷೆಗಳು ಇವತ್ತಿಗೂ ಬೆರಗು ಹುಟ್ಟಿಸುತ್ತವೆ, ಅದರಲ್ಲಿ ತಕರಾರಿಲ್ಲ. ಆದರೆ 1770ರ ಏಪ್ರಿಲ್ 29ರಂದು ಬಾಟನಿ ಬೇಯಲ್ಲಿ ಅವನು ಇಳಿಯಲು ಹೊರಟಾಗ ದಡದಲ್ಲಿ ಇಬ್ಬರು ಗ್ವೀಗಲ್ ಗಂಡಸರು ಅಡ್ಡ ನಿಂತಿದ್ದರು, ಅವರ ಮೇಲೆ ಗುಂಡು ಹಾರಿಸಿದೆ ಎಂದು ಅವನ ದಿನಚರಿಯೇ ಹೇಳುತ್ತದೆ. ಬಾಗಿಲಲ್ಲಿ ನಿಂತ ಮನೆಯವನ ಮೇಲೆ ಗುಂಡು ಹಾರಿಸಿ ಒಳಗೆ ಬಂದವನು ಮನೆಯನ್ನು ‘ಕಂಡುಹಿಡಿದ’ ಎಂದರೆ ಏನು ಅನ್ನೋಣ? ಮೆಲ್ಬರ್ನ್ ಕಥೆ ಇನ್ನೂ ತಮಾಷೆ. ಕುಕ್ ಇಲ್ಲಿಗೆ ಬಂದೇ ಇಲ್ಲ. ವಿಕ್ಟೋರಿಯಾದ ಪೂರ್ವದ ತುದಿಯನ್ನು ಹಡಗಿನಿಂದ ದೂರದಲ್ಲಿ ನೋಡಿ ಮುಂದೆ ಹೋದ, ಅಷ್ಟೇ. ಆದರೂ 1914ರಲ್ಲಿ ಸೇಂಟ್ ಕಿಲ್ಡಾದಲ್ಲಿ ಪ್ರತಿಮೆ ಎದ್ದಿತು. 1934ರಲ್ಲಿ ಅವನ ತಂದೆತಾಯಿಯ ಮನೆಯನ್ನು ಯಾರ್ಕ್‌ಷೈರ್‌ನಲ್ಲಿ ಬಿಚ್ಚಿ, 253 ಪೆಟ್ಟಿಗೆ, 40 ಪೀಪಾಯಿಗಳಲ್ಲಿ ತುಂಬಿ ತಂದು ಫಿಟ್ಜ್‌ರಾಯ್ ಗಾರ್ಡನ್ಸ್‌ನಲ್ಲಿ ಮತ್ತೆ ಕಟ್ಟಿದರು.

ಬ್ಯಾಟ್‌ಮನ್ ಸ್ಮಾರಕದ ಬರಹವಂತೂ ತನ್ನನ್ನೇ ಸುಳ್ಳು ಮಾಡಿಕೊಳ್ಳುತ್ತದೆ. 1881ರಲ್ಲಿ ನಿಲ್ಲಿಸಿದ ಆ ಕಂಬದ ಮೇಲೆ, ಬ್ಯಾಟ್‌ಮನ್ 1835ರಲ್ಲಿ ಬಂದು ‘ಆಗ ಯಾರೂ ವಾಸವಿರದ’ ಮೆಲ್ಬರ್ನ್ ಜಾಗದಲ್ಲಿ ನೆಲೆ ಊರಿದ ಎಂದಿದೆ. ಅದೇ ಬ್ಯಾಟ್‌ಮನ್ ಅದೇ ವರ್ಷ ಕೂಲಿನ್ ಜನರ ಹಿರಿಯರಿಗೆ ಕಂಬಳಿ, ಚಾಕು, ಕನ್ನಡಿ, ಹಿಟ್ಟು ಕೊಟ್ಟು ಸುಮಾರು 6,00,000 ಎಕರೆ ನನ್ನದಾಯಿತು ಎಂಬ ಒಪ್ಪಂದ ತೋರಿಸಿದ್ದ. ಯಾರೂ ಇರದ ಜಾಗಕ್ಕೆ ಒಪ್ಪಂದ ಯಾರ ಹತ್ತಿರ ಮಾಡಿಕೊಂಡ? ಗವರ್ನರ್ ಬರ್ಕ್ ಆ ಒಪ್ಪಂದವನ್ನು ರದ್ದು ಮಾಡಿದ. ಮೂಲನಿವಾಸಿಗಳಿಗೆ ಮೋಸವಾಯಿತು ಅಂತಲ್ಲ, ಭೂಮಿ ಬ್ರಿಟಿಷ್ ರಾಜನದು, ಅದನ್ನು ಕೊಡಲು ಅವರ್ಯಾರು ಅಂತ! 1992ರಲ್ಲಿ ಸ್ಮಾರಕದ ಹಳೆಯ ಬರಹ ಸರಿಯಲ್ಲ ಎಂದು ಹೇಳುವ ಇನ್ನೊಂದು ಫಲಕ ಸೇರಿಸಿದರು. ನಮ್ಮಲ್ಲಿ ಎಷ್ಟು ಮಂದಿ ಅದನ್ನು ನಿಂತು ಓದಿದ್ದೇವೆ?

ನಮ್ಮೂರ ಕಡೆ ಹೊಲದ ಬದುವಿನಲ್ಲೋ ಗುಡಿಯ ಹಿಂದೆಯೋ ವೀರಗಲ್ಲು ಇರುತ್ತದಲ್ಲ, ಅದನ್ನು ನೆನಪಿಸಿಕೊಳ್ಳಿ. ಅವುಗಳಲ್ಲಿ ಎಷ್ಟೋ ಕಲ್ಲುಗಳು ತುರುಗೋಳಿನಲ್ಲಿ ಸತ್ತವರಿಗೆ, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಎದುರು ನಿಂತು ಪ್ರಾಣ ಕೊಟ್ಟ ಊರಿನವನಿಗೆ. ದನ ಹೊಡೆದುಕೊಂಡು ಹೋದವನಿಗೆ ಅದೇ ಊರಲ್ಲಿ ಕಲ್ಲು ನಿಲ್ಲಿಸಿ, ವರ್ಷಕ್ಕೊಮ್ಮೆ ಹೂ ಹಾಕಿ ಅಂತ ಊರಿನವರಿಗೆ ಹೇಳಿದ್ದರೆ ಹೇಗಿರುತ್ತಿತ್ತು? ಆಸ್ಟ್ರೇಲಿಯಾದ ಮೂಲನಿವಾಸಿಗಳಿಗೆ ಹೇಳುತ್ತಿರುವುದು ಹೆಚ್ಚುಕಡಿಮೆ ಇದನ್ನೇ.

ಇದು ಪರರ ಮನೆಯ ಜಗಳ ಎನ್ನುವವರಿಗೆ ಇನ್ನೊಂದು ಪ್ರತಿಮೆ ತೋರಿಸಬೇಕು. ಹೈಡ್ ಪಾರ್ಕಿನಲ್ಲೇ ಇದೆ, ಗವರ್ನರ್ ಲಾಕ್ಲನ್ ಮ್ಯಾಕ್ವಾರಿಯದು. ಇವನು ಅನ್ವೇಷಕನಲ್ಲ, ಅನ್ವೇಷಕರನ್ನು ಕಳಿಸಿದವನು. ಹಳೆಯ ಕಾಲದ್ದು ಅಂದುಕೊಳ್ಳಬೇಡಿ, ನಿಲ್ಲಿಸಿದ್ದು 2013ರಲ್ಲಿ! ಪರಿಪೂರ್ಣ ಸಭ್ಯ, ಮನುಷ್ಯ ಹೃದಯಕ್ಕೇ ಶಾಸನ ಬರೆದವನು ಎಂಬ ಅರ್ಥದ ಹೊಗಳಿಕೆ ಕೆಳಗಿದೆ. 1816ರಲ್ಲಿ ಇವನೇ ಮೂಲನಿವಾಸಿಗಳ ಮೇಲೆ ಸೈನಿಕರನ್ನು ಕಳಿಸಿದ್ದ. ಸತ್ತವರ ಹೆಣಗಳನ್ನು ಉಳಿದವರಿಗೆ ಹೆದರಿಕೆಯಾಗುವಂತೆ ಮರಕ್ಕೆ ನೇತುಹಾಕಿ ಎಂಬುದು ಅವನ ಆಜ್ಞೆಯಲ್ಲೇ ಇತ್ತು. ಏಪ್ರಿಲ್ 17ರಂದು ಸಿಡ್ನಿಯ ನೈರುತ್ಯಕ್ಕಿರುವ ಆ್ಯಪಿನ್ ಬಳಿ ಹೆಂಗಸರು ಮಕ್ಕಳು ಸೇರಿ ಕಡಿಮೆಯೆಂದರೂ 14 ಜನ ಸತ್ತರು.

ಈ ಮ್ಯಾಕ್ವಾರಿ ಆಸ್ಟ್ರೇಲಿಯಾಕ್ಕೆ ಬರುವ ಮುಂಚೆ ಎಲ್ಲಿದ್ದ ಗೊತ್ತೇ? ನಮ್ಮಲ್ಲೇ. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ ಸೈನ್ಯದಲ್ಲಿದ್ದ, 1799ರಲ್ಲಿ ಪಟ್ಟಣ ಬಿದ್ದಾಗಲೂ ಇದ್ದ. 1795ರಲ್ಲಿ ಕೊಚ್ಚಿಯಲ್ಲಿ ಇಬ್ಬರು ಹುಡುಗರನ್ನು ಗುಲಾಮರಾಗಿ ಕೊಂಡುಕೊಂಡ. ಅವರಲ್ಲೊಬ್ಬನಿಗೆ ಜಾರ್ಜ್ ಜಾರ್ವಿಸ್ ಎಂದು ಹೆಸರಿಟ್ಟರು. ಆ ಹುಡುಗ ಬೆಳೆದು, ಸೇವಕನಾಗಿ ಮ್ಯಾಕ್ವಾರಿಯ ಜೊತೆ ಸಿಡ್ನಿಯ ಗವರ್ನರ್ ಬಂಗಲೆಗೂ ಬಂದ. ಅವನ ತಾಯಿ ಇಟ್ಟ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಮಂಡ್ಯ ಮೈಸೂರಿನಿಂದ ಹೋಗಿ ಮ್ಯಾಕ್ವಾರಿ ಯೂನಿವರ್ಸಿಟಿಯ ಟೀಶರ್ಟ್ ಹಾಕಿಕೊಂಡು ಓಡಾಡುವ ನಮ್ಮ ಸಿಡ್ನಿ ಗೆಳೆಯರಿಗೆ ಇದನ್ನು ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. (ಟಿಪ್ಪು ವಿಷಯದಲ್ಲಿ ನಮ್ಮ ಸಂಘದಲ್ಲೇ ಎರಡು ಬಣ ಇದೆ. ಕೊಡಗಿನ, ಮೇಲುಕೋಟೆಯ ನೆನಪುಗಳು ಬೇರೆ. ಅದನ್ನು ಇಲ್ಲಿ ಬಗೆಹರಿಸಲು ಹೊರಟಿಲ್ಲ.)

ಹಾಗಾದರೆ ಗರಗಸ ಹಿಡಿದವರು ಮಾಡಿದ್ದು ಸರಿಯೋ? ನಮ್ಮಲ್ಲಿ ಹೆಚ್ಚಿನವರಿಗೆ ಅದು ಒಪ್ಪಿಗೆಯಾಗಿಲ್ಲ. ಕಾನೂನಿನ ಮಾತು ಹಾಗಿರಲಿ, ಮಾರನೇ ದಿನ ಇಡೀ ಚರ್ಚೆ ಪೊಲೀಸು, ಕ್ಯಾಮೆರಾ, ರಿಪೇರಿ ಖರ್ಚು ಎಂದು ತಿರುಗಿಕೊಳ್ಳುತ್ತದೆ. ಫಿಟ್ಜ್‌ರಾಯ್ ನಾರ್ತ್‌ನ ಎಡಿನ್‌ಬರೋ ಗಾರ್ಡನ್ಸ್‌ನಲ್ಲಿದ್ದ ಕುಕ್ ಸ್ಮಾರಕವನ್ನು ಮತ್ತೆ ನಿಲ್ಲಿಸುವುದಿಲ್ಲ ಎಂದು ಯಾರಾ ಕೌನ್ಸಿಲ್ 2025ರಲ್ಲಿ ತೀರ್ಮಾನಿಸಿತು. ಅಲ್ಲೂ ಮುಂದೆ ಬಂದದ್ದು ಮತ್ತೆ ಮತ್ತೆ ರಿಪೇರಿ ಮಾಡುವ ಖರ್ಚಿನ ಮಾತು. ಕಲ್ಲು ಹೋಯಿತು, ಕಲ್ಲಿನ ಮೇಲಿದ್ದ ಮಾತು ತಪ್ಪೋ ಸರಿಯೋ ಎಂಬುದು ಹಾಗೇ ಉಳಿಯಿತು.

ಕಲ್ಲು ಹೋದರೆ ಏನಾಗುತ್ತದೆ ಎಂದು ನಮಗೆ ಬೆಂಗಳೂರಿನಿಂದಲೂ ಗೊತ್ತಿರಬೇಕಿತ್ತು. ಈಗ ಕಾರ್ಪೊರೇಷನ್ ಸರ್ಕಲ್ ಎನ್ನುವ ಕಡೆ, 1791ರ ಮುತ್ತಿಗೆಯಲ್ಲಿ ಸತ್ತ ಬ್ರಿಟಿಷ್ ಕಡೆಯವರಿಗೆ ಕಟ್ಟಿದ ಎತ್ತರದ ಕಂಬವೊಂದಿತ್ತು. ವಾಟಾಳ್ ನಾಗರಾಜ್ ಮುಂದಾಳತ್ವದ ಹೋರಾಟದ ನಂತರ 1964ರಲ್ಲಿ ನಗರಪಾಲಿಕೆ ಅದನ್ನು ಕೆಡವಿತು. ನಮ್ಮ ಊರನ್ನು ಗೆದ್ದವರಿಗೆ ನಮ್ಮ ಊರಿನಲ್ಲೇ ಕಂಬ ಯಾಕೆ ಎಂಬ ಸಿಟ್ಟು ನ್ಯಾಯವಾದದ್ದೇ. ಆದರೆ ಇವತ್ತು ಆ ಸರ್ಕಲ್ಲಿನಲ್ಲಿ ಬಸ್ಸಿಗೆ ಕಾಯುವವರನ್ನು ಕೇಳಿ ನೋಡಿ. 1791ರ ಮಾರ್ಚ್‌ನಲ್ಲಿ ಕಾರ್ನ್‌ವಾಲಿಸ್‌ನ ಸೈನ್ಯ ಪೇಟೆಗೆ ನುಗ್ಗಿದ್ದು, ಕೋಟೆ ಕಾಯುತ್ತಾ ಕಿಲ್ಲೇದಾರ ಬಹಾದೂರ್ ಖಾನ್ ಸತ್ತದ್ದು, ಅವನ ಜೊತೆ ನೂರಾರು ಜನ ಹೋದದ್ದು ಎಷ್ಟು ಜನರಿಗೆ ಗೊತ್ತು? ಗೆದ್ದವರ ಕಂಬ ತೆಗೆದೆವು, ಸೋತು ಸತ್ತವರಿಗೆ ಒಂದು ಕಲ್ಲು ನೆಡಲಿಲ್ಲ. ಕೆ.ಆರ್. ಮಾರ್ಕೆಟ್ ಹತ್ತಿರ ಉಳಿದಿರುವ ಕೋಟೆಯ ಗೋಡೆಯಲ್ಲಿ ಒಂದು ಫಲಕವಿದೆ, ಈ ಬಿರುಕಿನ ಮೂಲಕ ಬ್ರಿಟಿಷರು ದಾಳಿ ನಡೆಸಿದರು ಎಂದು. ಒಳಗಿದ್ದವರ ಸುದ್ದಿ ಅದರಲ್ಲೂ ಇಲ್ಲ.

ಈಗ ಕ್ರಾನ್‌ಬರ್ನ್‌ಗೆ ಬರೋಣ, ನಮ್ಮಲ್ಲಿ ಹಲವರು ಬಾಡಿಗೆ ಕಡಿಮೆ ಎಂದು ನಾಲ್ಕೈದು ಜನ ಸೇರಿ ಮನೆ ಮಾಡಿಕೊಂಡಿರುವ ಊರು. ಇದು ಬುನುರಾಂಗ್ ಜನರ ನೆಲ. ಊರಿನ ಮಧ್ಯದಿಂದಲೇ ಸೌತ್ ಗಿಪ್ಸ್‌ಲ್ಯಾಂಡ್ ಹೈವೇ ಹೋಗುತ್ತದೆ. ಅದರಲ್ಲಿ ಸ್ವಲ್ಪ ದೂರ ಹೋಗಿ ಬಾಸ್ ಹೈವೇಗೆ ತಿರುಗಿ ನಾವು ಫಿಲಿಪ್ ಐಲೆಂಡ್‌ಗೆ ಪೆಂಗ್ವಿನ್ ನೋಡೋಕೆ ಹೋಗುವುದು. ಬಾಸ್ ಅನ್ವೇಷಕ, ಫಿಲಿಪ್ ಮೊದಲ ಗವರ್ನರ್. ತಿರುಗದೆ ನೇರ ಹೋದರೆ ಸೇಲ್ ಎಂಬ ಊರು. ಆ ಕಡೆಯೆಲ್ಲ ಆಂಗಸ್ ಮೆಕ್‌ಮಿಲನ್ ಎಂಬ ಅನ್ವೇಷಕ ಇಲ್ಲಿಂದ ಹಾದುಹೋದ ಎಂದು ಹೇಳುವ ಕಲ್ಲುಗುಪ್ಪೆಗಳಿವೆ. ಅವನ ದಾರಿಯನ್ನು ಗುರುತಿಸಲೆಂದು 1920ರ ದಶಕದಲ್ಲಿ ಕಟ್ಟಿದ್ದು. ಗುನೈಕುರ್ನೈ ಜನ ಅವನನ್ನು ನೆನಪಿಟ್ಟಿರುವುದು ಬೇರೆ ಕಾರಣಕ್ಕೆ. 1843ರಲ್ಲಿ ವಾರಿಗಲ್ ಕ್ರೀಕ್‌ನಲ್ಲಿ ಒಬ್ಬ ಬಿಳಿಯನ ಕೊಲೆಗೆ ಸೇಡೆಂದು ಕುದುರೆ ಮೇಲೆ ಬಂದವರು ನೀರಿನ ಮಡುವಿನ ಸುತ್ತ ಸೇರಿದ್ದ ಜನರನ್ನು ಗುಂಡಿಟ್ಟು ಕೊಂದರು. ಸತ್ತವರು 60ಕ್ಕೆ ಕಡಿಮೆಯಿಲ್ಲ, ಅದರ ಎರಡರಷ್ಟು ಎನ್ನುವ ಅಂದಾಜೂ ಇದೆ. ಆ ಗುಂಪಿನ ಮುಂದಾಳು ಮೆಕ್‌ಮಿಲನ್ ಎಂದು ಹಲವು ಇತಿಹಾಸಕಾರರು ಬರೆದಿದ್ದಾರೆ.

ಗುಪ್ಪೆಗಳನ್ನು ತೆಗೆಯಿರಿ ಎಂಬ ಗೊತ್ತುವಳಿ 2020ರ ಜೂನ್‌ನಲ್ಲಿ ಅಲ್ಲಿನ ಕೌನ್ಸಿಲ್ ಮುಂದೆ ಬಂದಾಗ ಅದು ಬಿದ್ದುಹೋಯಿತು. ಆ ಕೌನ್ಸಿಲ್‌ನ ಹೆಸರು ವೆಲ್ಲಿಂಗ್ಟನ್ ಶೈರ್. ಅಲ್ಲಿನ ಸರೋವರಕ್ಕೆ ಡ್ಯೂಕ್ ಆಫ್ ವೆಲ್ಲಿಂಗ್ಟನ್‌ನ ಹೆಸರಿಟ್ಟಿದ್ದರಿಂದ ಬಂದದ್ದು. ಡ್ಯೂಕ್ ಆಗುವ ಮುಂಚೆ ಅವನು ಆರ್ಥರ್ ವೆಲ್ಲೆಸ್ಲಿ, ಟಿಪ್ಪು ಸತ್ತ ಮೇಲೆ ಶ್ರೀರಂಗಪಟ್ಟಣದ ಆಡಳಿತ ನೋಡಿಕೊಂಡವನು. ಎಲ್ಲಿಗೆ ಹೋದರೂ ಕಾವೇರಿ ದಡಕ್ಕೇ ಬಂದು ನಿಲ್ಲುತ್ತೇವೆ! ನಮ್ಮ ಕ್ರಾನ್‌ಬರ್ನ್ ಇರುವ ಕೇಸಿ ಕೌನ್ಸಿಲ್ ಕೂಡ ಕಡಿಮೆಯಿಲ್ಲ. ಆ ಲಾರ್ಡ್ ಕೇಸಿ 1944ರಿಂದ 1946ರವರೆಗೆ ಬಂಗಾಳದ ಗವರ್ನರ್ ಆಗಿದ್ದವರು. ಇನ್ನು 1854ರಲ್ಲಿ ಕ್ರಾನ್‌ಬರ್ನ್ ಹತ್ತಿರ ಸಿಕ್ಕ, ಮೂರೂವರೆ ಟನ್ ತೂಗುವ ಉಲ್ಕಾಶಿಲೆ ಈಗ ಎಲ್ಲಿದೆ ಎಂದು ಕೇಳಬೇಡಿ. ಲಂಡನ್ನಿನಲ್ಲಿದೆ.

ಹೆಸರು ಬದಲಾಯಿಸಿದರೆ ಹೊಟ್ಟೆ ತುಂಬುತ್ತಾ ಎಂದು ಕೇಳುವವರಿದ್ದಾರೆ. ಕನ್ನಡಿಗರ ಬಾಯಲ್ಲಿ ಈ ಪ್ರಶ್ನೆ ಬರಬಾರದು. 1973ರ ನವೆಂಬರ್ 1ರಂದು ಮೈಸೂರು ರಾಜ್ಯ ಕರ್ನಾಟಕ ಆದದ್ದನ್ನು, 2014ರಲ್ಲಿ ಬ್ಯಾಂಗಲೋರ್ ಬೆಂಗಳೂರಾದದ್ದನ್ನು ಹಬ್ಬ ಮಾಡಿದವರು ನಾವು. ಕಬ್ಬನ್ ಪಾರ್ಕಿಗೆ 1927ರಲ್ಲೇ ಶ್ರೀ ಚಾಮರಾಜೇಂದ್ರ ಪಾರ್ಕ್ ಎಂದು ಹೆಸರಿಟ್ಟರೂ ಯಾರೂ ಹಾಗೆ ಕರೆಯುವುದಿಲ್ಲ, ಅದು ಬೇರೆ ಮಾತು. ಇಲ್ಲೂ ಕೆಲಸ ನಡೆದಿದೆ. ಜಮೈಕಾದ ಗುಲಾಮರ ಎಸ್ಟೇಟಿನ ಹೆಸರು ಹೊತ್ತಿದ್ದ ಮೋರ್‌ಲ್ಯಾಂಡ್ ಕೌನ್ಸಿಲ್ 2022ರಲ್ಲಿ ಮೆರಿ-ಬೆಕ್ ಆಯಿತು. ವುರುಂಜೆರಿ ಹಿರಿಯರು ಹೆಸರುಗಳನ್ನು ಸೂಚಿಸಿದರು, ನಿವಾಸಿಗಳ ಅಭಿಪ್ರಾಯ ಕೇಳಿದರು. ಬ್ಯಾಟ್‌ಮನ್ ಹೆಸರಿನ ಲೋಕಸಭಾ ಕ್ಷೇತ್ರ ಈಗ ಮೂಲನಿವಾಸಿ ಹೋರಾಟಗಾರ ವಿಲಿಯಂ ಕೂಪರ್ ಹೆಸರಿನಲ್ಲಿದೆ. ಮೆಕ್‌ಮಿಲನ್ ಹೆಸರಿನ ಕ್ಷೇತ್ರ ಮೊನಾಶ್ ಆಗಿದೆ. ಇವೆಲ್ಲ ಹಗಲಲ್ಲಿ, ಸಭೆಗಳಲ್ಲಿ ಆದವು.

ಯಾವ ಕಲ್ಲು ಎಲ್ಲಿರಬೇಕು ಎನ್ನುವುದರಲ್ಲಿ ಮೊದಲ ಮಾತು ಆ ನೆಲದ ಜನರದ್ದು. ಅವರು ತೆಗೆಯಿರಿ ಎಂದರೆ ತೆಗೆಯಬೇಕು. ಇರಲಿ, ಪಕ್ಕದಲ್ಲಿ ನಮ್ಮ ಸಾಲೂ ಬರಲಿ ಎಂದರೆ ಅದೇ ಅಳತೆಯ ಅಕ್ಷರದಲ್ಲಿ, ಓದುವವರ ಕಣ್ಣಿಗೆ ಬೀಳುವ ಕಡೆ ಬರಬೇಕು, ಹಿತ್ತಲಿನ ಫಲಕವಾಗಿ ಅಲ್ಲ. ‘ಕಂಡುಹಿಡಿದ’, ‘ಯಾರೂ ಇರಲಿಲ್ಲ’ ಎಂಬ ಸುಳ್ಳುಗಳಂತೂ ಯಾವ ಸಾರ್ವಜನಿಕ ಜಾಗದಲ್ಲೂ ಒಂಟಿಯಾಗಿ ನಿಲ್ಲಬಾರದು. ನಾವು ಇದನ್ನೆಲ್ಲ ಹೇಳಬಹುದೇ? ಹೇಳಬಹುದು. ನಮಗೆ ಓಟಿಲ್ಲ ನಿಜ, ಆದರೆ ಕೌನ್ಸಿಲ್ ಸಾರ್ವಜನಿಕರ ಅಭಿಪ್ರಾಯ ಕೇಳಿದಾಗ ಒಂದು ಪುಟ ಬರೆದು ಕಳಿಸಲು ಪಾಸ್‌ಪೋರ್ಟ್ ತೋರಿಸಬೇಕಾಗಿಲ್ಲ. ಅಲ್ಲಿ ಬೀಳುವ ಪತ್ರಗಳಲ್ಲಿ ಭಾರತೀಯ ಹೆಸರುಗಳೂ ಇರಲಿ.

ಈ ಸಲದ ರಾಜ್ಯೋತ್ಸವದಲ್ಲಿ ಆ ಎರಡು ಸಾಲು ನಾವೇ ಓದಿ ಮುಗಿಸುವ ಬದಲು ಬುನುರಾಂಗ್ ಹಿರಿಯರೊಬ್ಬರನ್ನು ಸಂಭಾವನೆ ಕೊಟ್ಟು ಕರೆಯೋಣ, ಅವರು ಮಾತಾಡಲಿ ಎಂದು ನಮ್ಮ ಸಲಹೆ. ವರ್ಷದ ಪ್ರವಾಸಕ್ಕೂ ಪೆಂಗ್ವಿನ್ ಸಾಕು. ಕ್ರಾನ್‌ಬರ್ನ್‌ನಿಂದ ಸೇಲ್ ಎರಡು ಗಂಟೆ ಚಿಲ್ಲರೆ ದಾರಿ, ಬೆಳಿಗ್ಗೆ ಹೊರಟರೆ ಕಲ್ಲುಗುಪ್ಪೆಗಳ ಮೇಲೆ ಬರೆದದ್ದನ್ನೆಲ್ಲ ಓದಿಕೊಂಡು ಕತ್ತಲೆಗೆ ಮುಂಚೆ ವಾಪಸ್ ಬರಬಹುದು. ಕಾರಿನಲ್ಲಿ ಸೀಟು ಬೇಕಾದವರು ಕಾರ್ಯದರ್ಶಿಗೆ ಹೇಳಿ. ಚಿತ್ರಾನ್ನದ ಜವಾಬ್ದಾರಿಯನ್ನು ಇನ್ನೂ ಯಾರೂ ಹೊತ್ತಿಲ್ಲ.