ಹಳೆಯ ಮೋಟಾರಿಗೆ ಇಂಜೆಕ್ಷನ್ ಸಾಧನ: ಬೇಕೇ, ಬೇಡವೇ?

ಟಿಳಕವಾಡಿಯ ಹಳೆಯ ಮನೆಗಳ ಅಂಗಳದಲ್ಲಿ ಇಂದಿಗೂ ಅಲ್ಲೊಂದು ಇಲ್ಲೊಂದು ಪ್ರೀಮಿಯರ್ ಪದ್ಮಿನಿಯೋ ಅಂಬ್ಯಾಸಡರೋ ಕಾಣಸಿಗುವದುಂಟು. ಅಜ್ಜ ಕೊಂಡ ಗಾಡಿ, ಮೊಮ್ಮಗ ಮಾರಲೊಲ್ಲ. ಇಂಥ ಮನೆಯ ಕಾಲೇಜು ವಿದ್ಯಾರ್ಥಿಗೆ ಸಹಜವಾಗಿಯೇ ಒಂದು ಪ್ರಶ್ನೆ ಏಳುವದು: “ಇದರ ಕಾರ್ಬ್ಯುರೇಟರನ್ನು ತೆಗೆದು, ಹೊಸ ಕಾರುಗಳಲ್ಲಿರುವಂಥ ಇಲೆಕ್ಟ್ರಾನಿಕ್ ಫ್ಯೂಯಲ್ ಇಂಜೆಕ್ಷನ್ ಸಾಧನವನ್ನು ಕೂಡ್ರಿಸಬಹುದೇ?” ಕೂಡ್ರಿಸಲು ಬರುವದು, ಅದರಲ್ಲಿ ಸಂದೇಹವಿಲ್ಲ. ಆದರೆ ಬರುವದೆಂಬುದು ಬೇರೆ, ಬೇಕೆಂಬುದು ಬೇರೆ. ಈ ಎರಡನೆಯದರ ಬಗ್ಗೆ ನಮ್ಮ ಅಭಿಪ್ರಾಯವನ್ನು ವಾಚಕರ ಮುಂದಿಡಬಯಸುತ್ತೇವೆ.

ಮೊದಲು ಒಂದು ಮಾತು: ಹಳೆಯದೆಂಬ ಕಾರಣಕ್ಕೆ ಕಾರ್ಬ್ಯುರೇಟರನ್ನು ಹಗುರಾಗಿ ಕಾಣಬಾರದು. ಪಿಸ್ಟನ್ನು ಕೆಳಗಿಳಿಯುವಾಗ ಸಿಲಿಂಡರು ಗಾಳಿಯನ್ನು ಹೀರುವದು. ಆ ಗಾಳಿಯು ಕಾರ್ಬ್ಯುರೇಟರಿನ ಇಕ್ಕಟ್ಟಾದ ಕೊರಳಿನಲ್ಲಿ ಹಾಯುವಾಗ ಅದರ ವೇಗ ಹೆಚ್ಚಿ ಒತ್ತಡ ತಗ್ಗುವದು. ತಗ್ಗಿದ ಒತ್ತಡವು ಪಕ್ಕದ ಬಟ್ಟಲಿನಲ್ಲಿರುವ ಪೆಟ್ರೋಲನ್ನು ಜೆಟ್ ಎಂಬ ಸಣ್ಣ ರಂಧ್ರದ ಮುಖಾಂತರ ಎಳೆದುಕೊಳ್ಳುವದು. ಬ್ಯಾಟರಿಯಿಲ್ಲದೆ, ತಂತಿಯಿಲ್ಲದೆ, ಬರ್ನೂಲಿಯ ತತ್ತ್ವವೊಂದರ ಬಲದಿಂದಲೇ ಇಷ್ಟೆಲ್ಲ ನಡೆಯುವದು. ಪದ್ಮಿನಿಯ 1089 ಘನ ಸೆಂಟಿಮೀಟರಿನ ಎಂಜಿನು ದಶಕಗಟ್ಟಲೆ ಓಡಿದ್ದು ಹೀಗೆಯೇ. ಆದರೆ ಈ ಉಪಕರಣಕ್ಕೆ ಒಂದು ಕೊರತೆಯುಂಟು. ಜೆಟ್ಟಿನ ರಂಧ್ರವನ್ನು ಕಾರಖಾನೆಯಲ್ಲಿ ಒಮ್ಮೆ ಕೊರೆದರೆ ಮುಗಿಯಿತು. ಹೊರಗಿನ ಗಾಳಿ ತೆಳುವಾಯಿತೋ, ಟಾಕಿಯಲ್ಲಿಯ ಪೆಟ್ರೋಲು ಬದಲಾಯಿತೋ ಎಂಬುದನ್ನು ಕಾಣುವ ಕಣ್ಣು ಅದಕ್ಕಿಲ್ಲ.

ನಮ್ಮ ಊರಿನ ಗಾಡಿಗೆ ಈ ಎರಡೂ ಸಂದರ್ಭಗಳು ಒದಗುತ್ತವೆ. ಬೆಳಗಾವಿಯು ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿದೆ. ಇಲ್ಲಿಯ ಗಾಳಿಯ ಸಾಂದ್ರತೆ ಕಡಲತೀರದ ಗಾಳಿಗಿಂತ ಸುಮಾರು 7 ಪ್ರತಿಶತ ಕಡಿಮೆ. ಗಾಳಿ ಕಡಿಮೆಯಾದ ಪ್ರಮಾಣದಲ್ಲಿಯೇ ಪೆಟ್ರೋಲಿನ ಸೆಳೆತ ಕಡಿಮೆಯಾಗುವದಿಲ್ಲ. ಹೀಗಾಗಿ ಸಮುದ್ರಮಟ್ಟಕ್ಕೆ ಹೊಂದಿಸಿದ ಕಾರ್ಬ್ಯುರೇಟರು ಇಲ್ಲಿ ಬೇಕಾದುದಕ್ಕಿಂತ 3-4 ಪ್ರತಿಶತ ಹೆಚ್ಚು ಪೆಟ್ರೋಲು ಕೊಡುವದು.

ಇನ್ನು ಪೆಟ್ರೋಲಿನ ಸಂಗತಿ. 20 ಪ್ರತಿಶತ ಎಥನಾಲ್ ಬೆರೆಸಿದ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ದೊರೆಯಿತು. ಇಂದು ಅದು ದೇಶದ ಸಾಮಾನ್ಯ ಪೆಟ್ರೋಲೇ ಆಗಿದೆ. ಕಬ್ಬಿನ ನಾಡಾದ ನಮ್ಮ ಜಿಲ್ಲೆಯ ಸಕ್ಕರೆ ಕಾರಖಾನೆಗಳೂ ಎಥನಾಲನ್ನು ತಯಾರಿಸುತ್ತವೆ. ಒಂದು ಕಿಲೋಗ್ರಾಮು ಶುದ್ಧ ಪೆಟ್ರೋಲು ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋಗ್ರಾಮು ಗಾಳಿ ಬೇಕು. ಎಥನಾಲಿನ ಅಣುವಿನಲ್ಲಿ ಆಮ್ಲಜನಕ ಮೊದಲೇ ಇರುವದರಿಂದ ಅದಕ್ಕೆ 9 ಕಿಲೋಗ್ರಾಮು ಸಾಕು. 20 ಪ್ರತಿಶತದ ಮಿಶ್ರಣಕ್ಕೆ ಬೇಕಾದುದು ಸುಮಾರು 13.5. ಎಂದರೆ ಅಷ್ಟೇ ಗಾಳಿಗೆ ಹೆಚ್ಚು ಇಂಧನ ಕೊಡಬೇಕು. ಹಳೆಯ ಜೆಟ್ಟು ಮೊದಲಿನಷ್ಟೇ ಕೊಡುವದು. ಮಿಶ್ರಣದಲ್ಲಿ ಇಂಧನವು 7-8 ಪ್ರತಿಶತ ಕೊರತೆಯಾಗುವದು.

ಟಿಳಕವಾಡಿಯಲ್ಲಿರುವ ತನಕ ಎತ್ತರವು ಈ ಕೊರತೆಯ ಅರ್ಧದಷ್ಟನ್ನು ತುಂಬಿಕೊಡುವದು. ಅದೇ ಗಾಡಿ ಪೀರನವಾಡಿ, ಜಾಂಬೋಟಿ, ಕಣಕುಂಬಿಗಳನ್ನು ದಾಟಿ, ಚೋರ್ಲಾ ಘಾಟವನ್ನಿಳಿದು ಪಣಜಿಯನ್ನು ಸೇರಿತೆಂದರೆ ಕೊರತೆ ಪೂರ್ತಿಯಾಗಿ ತಲೆದೋರುವದು. ಎಂಜಿನು ತಡವರಿಸುವದು, ವೇಗ ಹೆಚ್ಚಿಸಹೋದರೆ ಮುಗ್ಗರಿಸುವದು.

ಇಂಜೆಕ್ಷನ್ ಸಾಧನದ ಹಿರಿಮೆ ಇರುವದು ಇಲ್ಲಿಯೇ: ಅದು ಅಳೆಯುವದು. ಒಳಸೇರುವ ಗಾಳಿಯ ಒತ್ತಡ, ಅದರ ಉಷ್ಣತೆ, ಎಂಜಿನಿನ ನೀರಿನ ಬಿಸಿ, ತಿರುಗುವ ವೇಗ, ಇವೆಲ್ಲವನ್ನು ಸಂವೇದಕಗಳು ನಿಯಂತ್ರಕಕ್ಕೆ ತಿಳಿಸುತ್ತಿರುವವು. ನಿಮಿಷಕ್ಕೆ 3000 ಸುತ್ತು ತಿರುಗುವ ಎಂಜಿನಿನಲ್ಲಿ ಪ್ರತಿಯೊಂದು ಸಿಲಿಂಡರು ಸೆಕೆಂಡಿಗೆ 25 ಸಲ ಗಾಳಿಯನ್ನು ಹೀರುವದು. ಒಂದು ಆವರ್ತನೆಗೆ 40 ಮಿಲಿಸೆಕೆಂಡು ಮಾತ್ರ. ಅಷ್ಟರೊಳಗೆ ನಿಯಂತ್ರಕವು ಲೆಕ್ಕ ಹಾಕಿ, ಇಂಜೆಕ್ಟರನ್ನು ಕೆಲವೇ ಮಿಲಿಸೆಕೆಂಡುಗಳ ಕಾಲ ತೆರೆದು ಮುಚ್ಚುವದು. 1967ರಲ್ಲಿ ಬಾಷ್ ಸಂಸ್ಥೆಯು ಫೋಕ್ಸ್‌ವ್ಯಾಗನ್ ಕಾರಿನಲ್ಲಿ ಇಂಥ ಸಾಧನವನ್ನು ಬಳಕೆಗೆ ತಂದಿತು. 1976ರಲ್ಲಿ ವೋಲ್ವೋ ಕಾರಿನ ಹೊಗೆಕೊಳವೆಯಲ್ಲಿ ಆಮ್ಲಜನಕದ ಸಂವೇದಕವೊಂದು ಸೇರಿತು. ಇದೇ ನಿಜವಾದ ಹೆಜ್ಜೆ. ಈ ಸಂವೇದಕ ಪೆಟ್ರೋಲನ್ನು ಪರೀಕ್ಷಿಸುವದಿಲ್ಲ. ಉರಿದ ಮೇಲೆ ಆಮ್ಲಜನಕ ಉಳಿಯಿತೋ ಇಲ್ಲವೋ ಎಂಬುದನ್ನಷ್ಟೇ ನೋಡುವದು. ಆದ್ದರಿಂದ ಟಾಕಿಯಲ್ಲಿ ಎಷ್ಟು ಎಥನಾಲ್ ಇದೆಯೆಂದು ಅದಕ್ಕೆ ಯಾರೂ ಹೇಳಬೇಕಾಗಿಲ್ಲ. ಗಾಡಿ ಸಮವೇಗದಲ್ಲಿ ಓಡುವಾಗ ಕೊರತೆಯನ್ನು ಕಂಡು ನಿಯಂತ್ರಕವು ತಾನೇ ತಿದ್ದಿಕೊಳ್ಳುವದು.

ಹಾಗೆಂದು ಹಳೆಯ ಗಾಡಿಯುಳ್ಳವರೆಲ್ಲ ನಾಳೆಯೇ ಕಾರ್ಬ್ಯುರೇಟರನ್ನು ಕಿತ್ತೊಗೆಯಲಿ ಎಂದು ನಾವು ಹೇಳುವದಿಲ್ಲ. ಗಾಡಿ ಊರೊಳಗೇ ತಿರುಗುವದಾದರೆ, ತುಸು ದೊಡ್ಡ ಜೆಟ್ಟನ್ನು ಹಾಕಿಸಿದರೂ ಸಾಕು. ಅದರ ಖರ್ಚು ಅತ್ಯಲ್ಪ. ಎಥನಾಲಿಗೆ ಹಳೆಯ ರಬ್ಬರು ನಳಿಕೆಗಳೂ ಗ್ಯಾಸ್ಕೆಟ್ಟುಗಳೂ ತಡೆಯಲಾರವು. ಅವನ್ನು ಹೇಗಿದ್ದರೂ ಬದಲಿಸಲೇಬೇಕು. ಶಕ್ತಿ ಇಮ್ಮಡಿಯಾಗುವದೆಂಬ ಆಶೆಯೂ ಬೇಡ. ಎಂಜಿನಿನ ಗಾತ್ರ, ಒತ್ತುವಿಕೆಯ ಪ್ರಮಾಣ, ಕವಾಟಗಳು ಮೊದಲಿನವೇ ಆಗಿರುವಾಗ ಶಕ್ತಿ ಎಲ್ಲಿಂದ ಬರಬೇಕು?

“ಖಾನಾಪುರದ ಕಾಡಿನ ದಾರಿಯಲ್ಲಿ ಕೆಟ್ಟು ನಿಂತರೆ ಕಾರ್ಬ್ಯುರೇಟರನ್ನು ಊದಿ ಸ್ವಚ್ಛಗೊಳಿಸಬಹುದು, ನಿಯಂತ್ರಕವನ್ನು ಏನು ಮಾಡುವದು?” ಎಂದು ಹಿರಿಯ ಮೆಕ್ಯಾನಿಕ್ಕರು ಕೇಳುವರು. ಅವರ ಮಾತಿನಲ್ಲಿ ಹುರುಳಿದೆ. ಅದಕ್ಕೆ ಉತ್ತರವನ್ನು ಕೆಲಸ ಆರಂಭಿಸುವ ಮೊದಲೇ ಯೋಚಿಸಬೇಕು. ಸಂವೇದಕಗಳು, ಪಂಪು, ಇಂಜೆಕ್ಟರುಗಳು ನಮ್ಮ ರಸ್ತೆಯಲ್ಲಿ ಹೇರಳವಾಗಿರುವ ಕಾರುಗಳವೇ ಆಗಿರಲಿ. ಆಗ ಬಿಡಿಭಾಗ ಯಾವ ಊರಿನಲ್ಲಿಯೂ ಸಿಕ್ಕೀತು. ಡೈನಮೋ ಇರುವ ಗಾಡಿಗೆ ಆಲ್ಟರ್ನೇಟರು ಬೇಕಾಗುವದು. ಇಂಜೆಕ್ಟರುಗಳಿಗೆ ಹೋಗುವ ಪೆಟ್ರೋಲಿನ ಒತ್ತಡ ವಾತಾವರಣದ ಒತ್ತಡದ ಸುಮಾರು ಮೂರುಪಟ್ಟು ಇರುವದರಿಂದ ಅದಕ್ಕೆ ತಕ್ಕ ನಳಿಕೆಗಳೇ ಬೇಕು. ಎಂಜಿನು ನಿಂತೊಡನೆ ಪಂಪು ತಾನಾಗಿ ನಿಲ್ಲುವ ವ್ಯವಸ್ಥೆಯೂ ಬೇಕು. ಇದರಲ್ಲಿ ಉಪೇಕ್ಷೆ ಮಾಡಿದರೆ ಬೆಂಕಿಗೆ ಆಹ್ವಾನ ಕೊಟ್ಟಂತೆ.

ಎಲ್ಲಕ್ಕೂ ಮುಖ್ಯವಾದ ನಿಯಮ ಇದು: ಮಾಡಿದ್ದನ್ನು ಹಿಂದೆಗೆಯಲು ಬರಬೇಕು. ಮೂಲ ಮ್ಯಾನಿಫೋಲ್ಡನ್ನು ಕೊರೆಯದೆ, ಬೇರೊಂದನ್ನು ಮಾಡಿಸಿಕೊಳ್ಳಬೇಕು. ಉದ್ಯಮಬಾಗದ ಎರಕದ ಕಾರಖಾನೆಗಳೂ ಲೇಥುಗಳೂ ಇರುವ ಊರಿನಲ್ಲಿ ಅದು ಅಸಾಧ್ಯವಲ್ಲ. ತೆಗೆದ ಕಾರ್ಬ್ಯುರೇಟರನ್ನು ಎಣ್ಣೆ ಹಚ್ಚಿ ಜೋಪಾನವಾಗಿಡಬೇಕು. ಕಾನೂನನ್ನೂ ಮರೆಯಬಾರದು. ನೋಂದಣಿ ಪತ್ರದಲ್ಲಿರುವ ವಿವರಗಳಿಗೆ ವಿರುದ್ಧವಾಗುವಂಥ ಮಾರ್ಪಾಟುಗಳನ್ನು ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ನಿರ್ಬಂಧಿಸುವದು. ಮೊದಲು ಸಾರಿಗೆ ಅಧಿಕಾರಿಗಳನ್ನು ವಿಚಾರಿಸುವದು ಲೇಸು. 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಉಳಿದ ವಾಹನಗಳಿಗೆ 2021ರಲ್ಲಿ ಕೇಂದ್ರ ಸರಕಾರವು ಪ್ರತ್ಯೇಕ ನೋಂದಣಿಯನ್ನು ಏರ್ಪಡಿಸಿತು. ಎಂಜಿನನ್ನು ಮಾರ್ಪಡಿಸಿದ ಗಾಡಿ ಆ ಗೌರವವನ್ನು ಕಳೆದುಕೊಳ್ಳಬಹುದು. ಅಂಥ ಗಾಡಿ ಒಂದು ಕಾಲದ ಯಂತ್ರವಿದ್ಯೆಯ ಸಾಕ್ಷಿ. ಅದನ್ನು ಹಾಗೆಯೇ ಬಿಡಬೇಕೆಂಬುದು ನಮ್ಮ ಸ್ಪಷ್ಟ ಮತ. ದಿನನಿತ್ಯ ದುಡಿಯುವ, ಘಾಟ ಹತ್ತಿಳಿಯುವ ಗಾಡಿಗೆ ಮಾತ್ರ ಇಂಜೆಕ್ಷನ್ ಸಾಧನ ಒಪ್ಪುವದು.

ವಿದ್ಯಾರ್ಥಿ ಮಿತ್ರರಿಗೆ ಕೊನೆಯ ಮಾತು. ನಿಯಂತ್ರಕವನ್ನು ಕೊಳ್ಳುವ ಮೊದಲು, ಬಲ್ಲವರನ್ನು ಜೊತೆಗಿಟ್ಟುಕೊಂಡು ಕಾರ್ಬ್ಯುರೇಟರನ್ನು ಬಿಚ್ಚಿ ನೋಡಿರಿ. ಜೆಟ್ಟಿನ ಮೇಲಿರುವ ಅಂಕಿಯನ್ನು ಬರೆದುಕೊಳ್ಳಿರಿ. ಗಾಡಿಯನ್ನು ಹೊಗೆ ತಪಾಸಣೆಯ ಕೇಂದ್ರಕ್ಕೆ ಒಯ್ದು ಕಾರ್ಬನ್ ಮೊನಾಕ್ಸೈಡಿನ ಪ್ರಮಾಣವನ್ನು ಕೇಳಿರಿ. ಅದು ಹೆಚ್ಚಾಗಿದ್ದರೆ ಮಿಶ್ರಣದಲ್ಲಿ ಪೆಟ್ರೋಲು ಹೆಚ್ಚಾಗಿದೆಯೆಂದು ತಿಳಿಯಿರಿ. ಜೆಟ್ಟನ್ನು ಬದಲಿಸಿ ಮತ್ತೆ ಅಳೆಯಿರಿ. ಹೀಗೆ ಅಳೆಯಲು ಕಲಿತವನು, ಅಳೆಯುವ ಯಂತ್ರವನ್ನು ಕೂಡ್ರಿಸಿದಾಗ ಅದರ ಒಡೆಯನಾಗಿರುವನು. ಕಲಿಯದವನು ಒಂದು ಡಬ್ಬಿಯನ್ನು ಕಳೆದು ಇನ್ನೊಂದು ಡಬ್ಬಿಯನ್ನು ಕೊಂಡಂತಾಗುವದಷ್ಟೆ.