ಪಕ್ಕದ ಮನೆ ವೈಫೈ ಕಾಣ್ಸತ್ತೆ ಅಂದ್ರೆ ಅದು ನಮ್ದಾ?

1/6 👇
"ಯಾವ ವೈಫೈ ಆದ್ರೂ ಎರಡೇ ನಿಮಿಷದಲ್ಲಿ ಹ್ಯಾಕ್" ಅನ್ನೋ ರೀಲ್ ನಿಮ್ಮ ಫೀಡ್‌ಗೂ ಬಂದಿರತ್ತೆ. ಕೆಳಗಡೆ ಕಾಮೆಂಟ್ಸ್ ನೋಡಿ: "ಬ್ರೋ ಲಿಂಕ್ ಕಳ್ಸಿ", "ನಮ್ಮ ಪಿಜಿ ವೈಫೈಗೆ ವರ್ಕ್ ಆಗತ್ತಾ?" ಇದು ಒಂದು ಗುಂಪು. ಇನ್ನೊಂದು ಗುಂಪು ಇದೆ. ಯಾರಾದ್ರೂ ಲ್ಯಾಪ್‌ಟಾಪ್‌ನಲ್ಲಿ ನೆಟ್‌ವರ್ಕ್ ಸ್ಕ್ಯಾನ್ ಮಾಡ್ತಿದ್ರೆ ಸಾಕು, "ಇವ್ನು ಹ್ಯಾಕರ್ ಕಣೋ" ಅಂತ ದೂರ ಕೂರ್ತಾರೆ.

ಎರಡೂ ಗುಂಪು ತಪ್ಪು ಅನ್ನೋದು ನನ್ನ ವಾದ. ಸ್ಕ್ಯಾನ್ ಮಾಡೋದನ್ನ ನಾವೆಲ್ಲ ಕಲೀಬೇಕು. ಅನುಮತಿ ಇಲ್ದೆ ಒಳಗೆ ಹೋಗೋದನ್ನ ತಮಾಷೆ ಅನ್ಕೊಳ್ಳೋದು ಬಿಡಬೇಕು. ಈ ಎರಡರ ಮಧ್ಯೆ ಗೆರೆ ಎಲ್ಲಿದೆ ಅಂತ ನೋಡೋಣ.

2/6
ಸ್ಕ್ಯಾನ್ ಅಂದ್ರೇನು? ಬೀದಿಯಲ್ಲಿ ಸೊಪ್ಪು ಮಾರೋರು ಕೂಗ್ಕೊಂಡು ಹೋಗ್ತಾರಲ್ಲ, ರೌಟರ್ ಮಾಡೋದೂ ಅದೇ. ಸಾಮಾನ್ಯವಾಗಿ ಸೆಕೆಂಡಿಗೆ ಸುಮಾರು 10 ಸಲ "ನನ್ನ ಹೆಸರು ಇದು, ನಾನು ಈ ಚಾನೆಲ್‌ನಲ್ಲಿದ್ದೀನಿ, ನನಗೆ ಇಂಥಾ ಬೀಗ ಇದೆ" ಅಂತ ಸಿಗ್ನಲ್ ಕಳಿಸ್ತಾ ಇರತ್ತೆ. ಇದಕ್ಕೆ ಬೀಕನ್ ಅಂತಾರೆ. ನಿಮ್ಮ ಫೋನ್‌ನಲ್ಲಿ ವೈಫೈ ಲಿಸ್ಟ್ ತೆರೆದ್ರೆ ಕಾಣೋದು ಈ ಕೂಗುಗಳ ಪಟ್ಟಿ. ಅಂದ್ರೆ ನೀವೂ ದಿನಾ ಸ್ಕ್ಯಾನ್ ಮಾಡ್ತಾನೇ ಇದ್ದೀರ!

ಆಂಡ್ರಾಯ್ಡ್‌ನ ಲೊಕೇಶನ್ ಸೆಟ್ಟಿಂಗ್ಸ್‌ನಲ್ಲಿ "ವೈಫೈ ಸ್ಕ್ಯಾನಿಂಗ್" ಅಂತ ಒಂದು ಆಯ್ಕೆ ಇದೆ. ಅದು ಆನ್ ಇದ್ರೆ, ವೈಫೈ ಆಫ್ ಮಾಡಿದ್ರೂ ಫೋನ್ ಸುತ್ತಲಿನ ರೌಟರ್‌ಗಳನ್ನ ಹುಡುಕತ್ತೆ. ನೀವು ಎಲ್ಲಿದ್ದೀರ ಅಂತ ಲೆಕ್ಕ ಹಾಕೋಕೆ. ಒಮ್ಮೆ ಹೋಗಿ ನೋಡಿ.

3/6
ಈಗ ಟೂಲ್ಸ್. ಮೂರು ಮೆಟ್ಟಿಲು ಅಂದ್ಕೊಳ್ಳಿ.

▪️ ನೋಡೋದು: ವೈಫೈ ಅನಲೈಜರ್ ಥರದ ಆಪ್‌ಗಳು. 2.4 ಗಿಗಾಹರ್ಟ್ಸ್‌ನಲ್ಲಿ ಒಂದಕ್ಕೊಂದು ಅಡ್ಡ ಬರದೆ ಇರೋಕೆ ಸಾಮಾನ್ಯವಾಗಿ ಬಳಸೋದು 1, 6, 11 ಈ ಮೂರೇ ಚಾನೆಲ್. ಬಿಲ್ಡಿಂಗ್‌ನಲ್ಲಿರೋ ಎಲ್ಲ ರೌಟರ್‌ಗಳೂ 6ರಲ್ಲೇ ಕೂತಿದ್ರೆ ನೆಟ್ ನಿಧಾನ ಆಗ್ದೆ ಇನ್ನೇನಾಗತ್ತೆ?

▪️ ಕೇಳಿಸಿಕೊಳ್ಳೋದು: ಕಿಸ್ಮೆಟ್, ವೈರ್‌ಶಾರ್ಕ್. ಇವು ಗಾಳಿಯಲ್ಲಿ ಹರಿದಾಡೋ ಡೇಟಾ ಪ್ಯಾಕೆಟ್‌ಗಳನ್ನೇ ಹಿಡೀತಾವೆ. ಪಾಸ್‌ವರ್ಡ್ ಇಲ್ಲದ ನೆಟ್‌ವರ್ಕ್‌ನಲ್ಲಿ ಎನ್‌ಕ್ರಿಪ್ಟ್ ಆಗದೆ ಹೋಗೋದನ್ನೆಲ್ಲ ಓದಬಹುದು.

▪️ ಬೀಗ ಪರೀಕ್ಷೆ ಮಾಡೋದು: ಏರ್‌ಕ್ರ್ಯಾಕ್-ಎನ್‌ಜಿ. ಹಳೇ ಡಬ್ಲ್ಯೂಇಪಿ ಬೀಗದ ದೌರ್ಬಲ್ಯ 2001ರಲ್ಲೇ ಬಯಲಾಗಿತ್ತು, ನಿಮಿಷಗಳಲ್ಲಿ ಮುರಿಯೋದು ಅದು. ಈಗಿನ ಡಬ್ಲ್ಯೂಪಿಎ2ಗೆ ಪಾಸ್‌ವರ್ಡ್‌ನ ಊಹೆ ಮಾಡ್ತಾ ಕೂರಬೇಕು. ಹಾಗಾಗಿ ಮೊಬೈಲ್ ನಂಬರನ್ನೇ ಪಾಸ್‌ವರ್ಡ್ ಮಾಡ್ಕೊಂಡಿರೋ ಮನೆಗಳೇ ಸುಲಭವಾಗಿ ಸಿಕ್ಕಿಬೀಳೋದು. ಉದ್ದನೆಯ ಪಾಸ್‌ವರ್ಡ್ ಮುಂದೆ ರೀಲ್‌ನ "ಎರಡು ನಿಮಿಷ" ನಡೆಯೋದಿಲ್ಲ.

ನೆಟ್‌ವರ್ಕ್ ನೋಡ್ಕೊಳ್ಳೋ ಇಂಜಿನಿಯರ್‌ಗಳೂ ಇದೇ ಟೂಲ್ಸ್ ಬಳಸ್ತಾರೆ, ಕಳ್ಳರೂ ಬಳಸ್ತಾರೆ. ಹಾಗಾದ್ರೆ ವ್ಯತ್ಯಾಸ?

4/6
ಇಲ್ಲಿ ನಮ್ಮ ಬಿಕಾಂ ಉಪಯೋಗಕ್ಕೆ ಬರತ್ತೆ 😄 ಆಡಿಟರ್ ಕಂಪನಿಯ ಲೆಕ್ಕಪುಸ್ತಕ ತೆಗೆದು ನೋಡ್ತಾರೆ. ಯಾಕಂದ್ರೆ ಅವರ ಕೈಯಲ್ಲಿ ನೇಮಕದ ಪತ್ರ ಇದೆ. ಅದಿಲ್ದೆ ನಾವು ಹೋಗಿ ಅದೇ ಪುಸ್ತಕ ತೆಗೆದ್ರೆ? ಪುಸ್ತಕ ಅದೇ, ಓದೋ ರೀತಿಯೂ ಅದೇ, ಆದ್ರೆ ಅಧಿಕಾರ ಇಲ್ಲ.

ಐಟಿ ಕಾಯ್ದೆ 2000 ಕೇಳೋದೂ ಇದನ್ನೇ. ಸೆಕ್ಷನ್ 43: ಮಾಲೀಕರ ಅಥವಾ ಉಸ್ತುವಾರಿ ಇರೋರ ಅನುಮತಿ ಇಲ್ಲದೆ ನೆಟ್‌ವರ್ಕ್ ಒಳಗೆ ಹೋದ್ರೆ, ಡೇಟಾ ಕಾಪಿ ಮಾಡಿದ್ರೆ, ನೆಟ್‌ವರ್ಕ್‌ಗೆ ಅಡ್ಡಿ ಮಾಡಿದ್ರೆ ಪರಿಹಾರ ಕಟ್ಟಿಕೊಡಬೇಕು. ಅದನ್ನೇ ಅಪ್ರಾಮಾಣಿಕವಾಗಿ ಅಥವಾ ಮೋಸದ ಉದ್ದೇಶದಿಂದ ಮಾಡಿದ್ರೆ ಸೆಕ್ಷನ್ 66: 3 ವರ್ಷದವರೆಗೆ ಜೈಲು, ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಬೇರೆಯವರ ಪಾಸ್‌ವರ್ಡನ್ನ ಮೋಸದಿಂದ ಬಳಸೋದಕ್ಕೆ ಸೆಕ್ಷನ್ 66ಸಿ ಬೇರೆ ಇದೆ.

"ಅವ್ರು ಪಾಸ್‌ವರ್ಡೇ ಹಾಕಿಲ್ವಲ್ಲ ಗುರು" ಅಂತೀರಾ? ಸೆಕ್ಷನ್ 43 ಕೇಳೋದು ಅನುಮತಿ ಇತ್ತಾ ಅಂತ. ಬೀಗ ಇತ್ತಾ ಅಂತ ಅಲ್ಲ. ರೈಲ್ವೇ ಸ್ಟೇಷನ್‌ನಲ್ಲಿ ಒಟಿಪಿ ಕಳಿಸಿ ಕೊಡೋ ವೈಫೈ ಬೇರೆ, ಪಕ್ಕದ ಮನೆ ಆಂಟಿ ಬೀಗ ಹಾಕೋದು ಮರೆತ ವೈಫೈ ಬೇರೆ.

ದೊಡ್ಡೋರಿಗೂ ಇದೇ ಲೆಕ್ಕ. ಸ್ಟ್ರೀಟ್ ವ್ಯೂ ಕಾರುಗಳು ಬೀಗವಿಲ್ಲದ ವೈಫೈಗಳಿಂದ ಜನರ ಡೇಟಾನೂ ಎಳ್ಕೊಂಡಿದ್ದವು ಅಂತ 2010ರಲ್ಲಿ ಗೂಗಲ್ ಒಪ್ಪಿಕೊಳ್ತು. ರೇಡಿಯೋ ಥರ ಇದು ಎಲ್ಲರಿಗೂ ಸಿಗೋದೇ ಅಂತ ವಾದ ಮಾಡ್ತು. 2013ರಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟ್ ಅದನ್ನ ಒಪ್ಪಲಿಲ್ಲ. ಅದೇ ವರ್ಷ ಅಲ್ಲಿನ ರಾಜ್ಯಗಳ ಜೊತೆ 70 ಲಕ್ಷ ಡಾಲರ್‌ಗೆ ರಾಜಿ ಆಯ್ತು.

5/6
"ಅಷ್ಟಕ್ಕೆಲ್ಲ ಯಾರು ಕೇಸ್ ಹಾಕ್ತಾರೆ, ಒಂದು ಸಿನಿಮಾ ಡೌನ್‌ಲೋಡ್ ಅಷ್ಟೇ" ಅನ್ನೋರಿಗೆ ಒಂದು ನಿಜ ಘಟನೆ. 2008ರ ಜುಲೈ 26, ಅಹಮದಾಬಾದ್ ಸರಣಿ ಸ್ಫೋಟ. ಅದಕ್ಕೆ ಸ್ವಲ್ಪ ಮುಂಚೆ ಮಾಧ್ಯಮಗಳಿಗೆ ಒಂದು ಇಮೇಲ್ ಬಂತು. ಅದರ ಐಪಿ ವಿಳಾಸ ಹಿಡ್ಕೊಂಡು ಪೊಲೀಸರು ಹೋದ್ರೆ, ಸಿಕ್ಕಿದ್ದು ನವಿ ಮುಂಬೈನಲ್ಲಿ ವಾಸವಿದ್ದ ಒಬ್ಬ ಅಮೆರಿಕನ್ ಮನೆ! ಅವರ ವೈಫೈನ ಬೇರೆ ಯಾರೋ ಬಳಸಿದ್ರು. ಕಂಪ್ಯೂಟರ್ ವಶಕ್ಕೆ ಹೋಯ್ತು, ದಿನಗಟ್ಟಲೆ ವಿಚಾರಣೆ ಎದುರಿಸಿದ್ದು ಅವರು.

ಇದಾದ್ಮೇಲೆ 2009ರಲ್ಲಿ ಮುಂಬೈ ಪೊಲೀಸರೇ ಬೀಗವಿಲ್ಲದ ವೈಫೈ ಹುಡುಕೋಕೆ ಊರಲ್ಲಿ ಸ್ಕ್ಯಾನ್ ಮಾಡೋಕೆ ಹೊರಟ್ರು. ನೋಡಿ, ಸ್ಕ್ಯಾನಿಂಗ್ ಅನ್ನೋದು ಜನರನ್ನ ಎಚ್ಚರಿಸೋಕೂ ಬರತ್ತೆ.

ನೀವು ಪಕ್ಕದ ಮನೆ ವೈಫೈನಲ್ಲಿ ಏನು ಮಾಡಿದ್ರೂ ದಾಖಲೆಯಲ್ಲಿ ಬರೋದು ಬಿಲ್ ಕಟ್ಟೋ ಆ ಆಂಟಿ ಹೆಸರು. ಪೊಲೀಸರು ಮೊದಲು ಬಾಗಿಲು ಬಡಿಯೋದೂ ಅವರದ್ದೇ. "ಅವ್ರಿಗೇನು ನಷ್ಟ" ಅನ್ನೋ ಮುಂಚೆ ಇದನ್ನ ಯೋಚ್ನೆ ಮಾಡಿ.

6/6
ಹಾಗಾದ್ರೆ ಏನು ಮಾಡೋಣ?
✅ ನಿಮ್ಮ ಮನೆ ವೈಫೈನ ನೀವೇ ಸ್ಕ್ಯಾನ್ ಮಾಡಿ. ಬೀಗ ಡಬ್ಲ್ಯೂಪಿಎ2 ಅಥವಾ ಡಬ್ಲ್ಯೂಪಿಎ3 ಇದ್ಯಾ ನೋಡಿ. ರೌಟರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಾಯಿಸಿ.
✅ ಹತ್ತಿರದಲ್ಲಿ ಬೀಗವಿಲ್ಲದ ನೆಟ್‌ವರ್ಕ್ ಕಂಡ್ರೆ, ಯಾರದ್ದು ಅಂತ ಗೊತ್ತಿದ್ರೆ ಹೋಗಿ ಹೇಳಿ. ಪಾಸ್‌ವರ್ಡ್ ಹಾಕಿಕೊಡಿ, ಕಾಫಿನೂ ಸಿಗತ್ತೆ.
✅ ಕಾಲೇಜ್, ಪಿಜಿ ನೆಟ್‌ವರ್ಕ್ ಪರೀಕ್ಷೆ ಮಾಡೋ ಆಸೆ ಇದ್ರೆ ಉಸ್ತುವಾರಿ ಇರೋರಿಂದ ಬರಹದಲ್ಲಿ ಅನುಮತಿ ತಗೊಳ್ಳಿ. "ಸರ್ ಹೂಂ ಅಂದ್ರು" ಅನ್ನೋದು ಆಮೇಲೆ ಸಾಕ್ಷಿಗೆ ನಿಲ್ಲಲ್ಲ.

ಕಾಲೇಜ್‌ನವರಿಗೂ ಒಂದು ಮಾತು: ಕುತೂಹಲ ಇರೋ ಹುಡುಗ್ರನ್ನ ಹೆದರಿಸಿ ಕಳಿಸೋ ಬದಲು ಒಂದು ಹಳೇ ರೌಟರ್ ಕೊಟ್ಟು ಲ್ಯಾಬ್‌ನಲ್ಲಿ ಕೂರಿಸಿ. ಅಲ್ಲಿ ಕಲಿಯೋಕೆ ಜಾಗ ಇಲ್ಲದಿದ್ರೆ ಅವರು ಆ ರೀಲ್‌ಗಳ ಹತ್ರಾನೇ ಹೋಗೋದು.

ನಿಮ್ಮ ಮನೆ ವೈಫೈಗೆ ಯಾವ ಬೀಗ ಇದೆ? ಚೆಕ್ ಮಾಡಿ ಕಾಮೆಂಟ್ ಹಾಕಿ. ಪಾಸ್‌ವರ್ಡ್ ಮಾತ್ರ ಹಾಕ್ಬೇಡಿ ಮತ್ತೆ 🙏

#ವೈಫೈ #ಐಟಿಕಾಯ್ದೆ #ಬಿಕಾಂಹುಡುಗ್ರು #ಕನ್ನಡದಲ್ಲಿಟೆಕ್