ಬಿಸಿಲ ಸೀಮೆಗೂ ಒಣಗಾಳಿ ಬೇಕು

ಪ್ರಸಾರ ಕೇಂದ್ರದ ಎತ್ತರವಾದ ಸ್ತಂಭವನ್ನು ಕಂಡವರ ದೃಷ್ಟಿ ಅದರ ತುದಿಯತ್ತ ಹರಿಯುವುದು ಸಹಜ. ಬುಡದ ಕೊಠಡಿಯಲ್ಲಿ ಗೋಡೆಗೆ ತಗುಲಿಕೊಂಡು ಆಗಾಗ ಗುರುಗುಟ್ಟುವ ಪುಟ್ಟ ಪೆಟ್ಟಿಗೆಯೊಂದನ್ನು ಗಮನಿಸುವವರು ವಿರಳ. ಗಾಳಿಯಲ್ಲಿರುವ ನೀರಾವಿಯನ್ನು ಹೀರಿ ತೆಗೆದು, ಒಣಗಿದ ಗಾಳಿಯನ್ನು ಆಂಟೆನಾದ ಕೇಬಲ್ಲಿನೊಳಕ್ಕೆ ತುಂಬುವುದು ಅದರ ಕೆಲಸ. ಡೀಹೈಡ್ರೇಟರ್ ಎಂದು ಅದರ ಹೆಸರು. ಇಂಥ ಯಂತ್ರ ಮಂಗಳೂರು, ಕಾರವಾರಗಳಿಗೆ ಇರಲಿ, ರಾಯಚೂರಿನ ಬಿಸಿಲಿಗೆ ಅದೇಕೆ ಎಂದು ಕೇಳುವವರುಂಟು. ಮೇಲ್ನೋಟಕ್ಕೆ ಸಮಂಜಸವಾಗಿ ತೋರುವ ಈ ವಾದವನ್ನು ನಾವು ಒಪ್ಪಲಾರೆವು.

ಹೆಚ್ಚಿನ ಶಕ್ತಿಯ ಪ್ರಸಾರಕದಿಂದ ಆಂಟೆನಾಕ್ಕೆ ವಿದ್ಯುತ್ ತರಂಗಗಳನ್ನು ಒಯ್ಯಲು ಒಂದರೊಳಗೊಂದು ಸೇರಿಸಿದ ತಾಮ್ರದ ಕೊಳವೆಗಳನ್ನು ಬಳಸುವುದುಂಟು. ಸೂಕ್ಷ್ಮತರಂಗಗಳಿಗಾದರೆ ಒಳಗೆ ಟೊಳ್ಳಾದ ತರಂಗವಾಹಕ ಕೊಳವೆ. ಎರಡರಲ್ಲಿಯೂ ಒಳಗಿರುವುದು ಗಾಳಿಯೇ. ಗಾಳಿಯಲ್ಲಿ ತರಂಗಶಕ್ತಿಯ ನಷ್ಟ ಅತ್ಯಲ್ಪವೆಂಬುದೇ ಇದಕ್ಕೆ ಕಾರಣ. ಆದರೆ ಗಾಳಿ ಬಿಸಿಗೆ ಹಿಗ್ಗಿ, ತಂಪಿಗೆ ಕುಗ್ಗುವ ವಸ್ತು.

ದೇವದುರ್ಗ ತಾಲ್ಲೂಕಿನ ಗಬ್ಬೂರಿನಲ್ಲಿ ಇಂಥದೊಂದು ಕೇಬಲ್ಲು ಬಿಸಿಲಿನಲ್ಲಿದೆಯೆಂದು ಭಾವಿಸೋಣ. ನಸುಕಿನಲ್ಲಿ ಅದರ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್, ಮಧ್ಯಾಹ್ನ 50 ಡಿಗ್ರಿ ಆದರೆ ಒಳಗಿನ ಗಾಳಿ ಸುಮಾರು ಹತ್ತನೆಯ ಒಂದು ಭಾಗದಷ್ಟು ಹಿಗ್ಗುತ್ತದೆ. ಹಿಗ್ಗಿದ ಗಾಳಿ ಕೀಲುಗಳ ಸಂದುಗಳಿಂದ ಹೊರಬೀಳುತ್ತದೆ. ರಾತ್ರಿ ತಂಪಾದಾಗ ಹೊರಗಿನ ಗಾಳಿ ಅಷ್ಟೇ ಪ್ರಮಾಣದಲ್ಲಿ ಒಳನುಗ್ಗುತ್ತದೆ. ಕೇಬಲ್ಲು ದಿನಕ್ಕೊಮ್ಮೆ ಉಸಿರಾಡಿದಂತಾಯಿತು. ಕರಾವಳಿಯಲ್ಲಿ ಹಗಲಿಗೂ ಇರುಳಿಗೂ ಉಷ್ಣತೆಯ ಅಂತರ ಕಡಿಮೆ, ಒಳನಾಡಿನಲ್ಲಿ ಹೆಚ್ಚು. ಆದ್ದರಿಂದ ಬಿಸಿಲ ಸೀಮೆಯ ಕೇಬಲ್ಲಿನ ಉಸಿರು ಇನ್ನೂ ದೀರ್ಘವಾದುದು!

ಬೇಸಗೆಯಲ್ಲಿ ಈ ಉಸಿರು ಒಣದಾಗಿರಬಹುದು. ಮಳೆಗಾಲ ಬಂದಾಗಲೋ? 30 ಡಿಗ್ರಿಯಲ್ಲಿ ಶೇಕಡಾ 70ರಷ್ಟು ಆರ್ದ್ರತೆಯುಳ್ಳ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 21 ಗ್ರಾಂ ನೀರಾವಿ ಇರುತ್ತದೆ. 20 ಡಿಗ್ರಿಗೆ ಇಳಿದರೆ ಅದು ಹಿಡಿದಿಡಬಲ್ಲುದು ಸುಮಾರು 17 ಗ್ರಾಂ ಮಾತ್ರ. ಉಳಿದುದು ತಾಮ್ರದ ಮೇಲೆ ಇಬ್ಬನಿಯಾಗಿ ಕೂರುತ್ತದೆ. ನಾರಾಯಣಪುರ ಬಲದಂಡೆ ಕಾಲುವೆ ಕೃಷ್ಣೆಯ ನೀರನ್ನು ಈ ತಾಲ್ಲೂಕಿಗೆ ತಂದ ಮೇಲೆ ನೆಲವೂ ಹಿಂದಿನಂತೆ ಒಣನೆಲವಲ್ಲ.

ಗಾಳಿಯ ವಿದ್ಯುತ್ ಪಾರಕಾಂಕ ಸುಮಾರು 1, ನೀರಿನದು ಸುಮಾರು 80. ನೀರು ನಿಂತೆಡೆಯಲ್ಲಿ ತರಂಗದ ಒಂದಂಶ ಪ್ರಸಾರಕದತ್ತ ಹಿಂದಿರುಗುತ್ತದೆ. ತಾಮ್ರ ಕಿಲುಬು ಹಿಡಿಯುತ್ತದೆ. ಶಕ್ತಿ ಹೆಚ್ಚಿದ್ದರೆ ಕಿಡಿ ಹಾರಿ ಕೇಬಲ್ಲೇ ಸುಟ್ಟುಹೋಗಬಹುದು.

ಡೀಹೈಡ್ರೇಟರ್ ಇದನ್ನು ತಡೆಯುವ ರೀತಿ ಸರಳ. ಅದರ ಕಂಪ್ರೆಸರ್ ಕೊಠಡಿಯ ಗಾಳಿಯನ್ನು ಸೆಳೆದು, ಸಿಲಿಕಾ ಜೆಲ್‌ನಂಥ ತೇವಹೀರುಕ ತುಂಬಿದ ಡಬ್ಬಿಯ ಮೂಲಕ ಹಾಯಿಸುತ್ತದೆ. ಎರಡು ಡಬ್ಬಿಗಳಿರುವ ಯಂತ್ರದಲ್ಲಿ ಒಂದು ಗಾಳಿಯನ್ನು ಒಣಗಿಸುವಾಗ ಇನ್ನೊಂದು ತಾನೇ ಒಣಗಿ ಸಿದ್ಧವಾಗುತ್ತದೆ. ಉತ್ತಮ ಯಂತ್ರದ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 0.1 ಗ್ರಾಂ ನೀರಾವಿ ಮಾತ್ರ ಉಳಿಯುತ್ತದೆ. ಇದನ್ನು ಹೊರಗಿನದಕ್ಕಿಂತ ತುಸು ಹೆಚ್ಚಿನ ಒತ್ತಡದಲ್ಲಿ ತುಂಬುತ್ತಾರೆ. ಆಗ ಸಣ್ಣ ಬಿರುಕಿದ್ದರೂ ಒಣಗಾಳಿ ಹೊರಹೋಗುವುದೇ ಹೊರತು ತೇವ ಒಳಬಾರದು.

ಯಂತ್ರವನ್ನು ತಂದು ನಿಲ್ಲಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಆಂಟೆನಾದ ತುದಿಯಲ್ಲಿ ಗಾಳಿ ನುಸುಳದ ಮುಚ್ಚಳವಿರಬೇಕು. ದೂರದ ತುದಿಯ ಕವಾಟವನ್ನು ತೆರೆದು ಹಳೆಯ ತೇವದ ಗಾಳಿಯನ್ನು ಸಂಪೂರ್ಣ ಹೊರದೂಡಿ, ಬಳಿಕ ಮುಚ್ಚಬೇಕು. ಕೀಲುಗಳಿಗೆ ಸಾಬೂನಿನ ನೀರು ಹಚ್ಚಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಚಪ್ಪಟೆ ಗೋಡೆಯ ತರಂಗವಾಹಕಗಳು ಹೆಚ್ಚು ಒತ್ತಡಕ್ಕೆ ಉಬ್ಬುವುದರಿಂದ, ತಯಾರಕರು ಹೇಳಿದ ಮಿತಿಯನ್ನು ಮೀರಬಾರದು. ಒತ್ತಡವನ್ನೂ ಯಂತ್ರ ಓಡಿದ ಗಂಟೆಗಳನ್ನೂ ಪ್ರತಿದಿನ ಬರೆದಿಡಬೇಕು. ಕಂಪ್ರೆಸರ್ ದಿನದಿನಕ್ಕೆ ಹೆಚ್ಚು ಸಲ ಓಡತೊಡಗಿದರೆ ಎಲ್ಲೋ ಗಾಳಿ ಸೋರುತ್ತಿದೆಯೆಂದು ಮೊದಲು ಸಂದೇಹಿಸಬೇಕು.

ಎಲ್ಲ ಕೇಬಲ್ಲಿಗೂ ಈ ವೆಚ್ಚ ಬೇಕೆಂದು ನಾವು ಹೇಳುವುದಿಲ್ಲ. ಒಳಗೆ ಪ್ಲಾಸ್ಟಿಕ್ ನೊರೆ ತುಂಬಿದ ಕೇಬಲ್ಲುಗಳಿಗೆ ಇದರ ಅಗತ್ಯವಿಲ್ಲ. ಗಾಳಿ ತುಂಬಿದ ಮಾರ್ಗಗಳಿಗಾದರೋ ಇದನ್ನು ಬಿಡುವುದು ಮಿತವ್ಯಯವಲ್ಲ.

ರಾಯಚೂರು ಜಿಲ್ಲೆಗೆ ಈ ವಿದ್ಯೆ ಹೊರಗಿನದಲ್ಲ. 1975-76ರಲ್ಲಿ ಉಪಗ್ರಹದಿಂದ ಹಳ್ಳಿಗಳಿಗೆ ನೇರವಾಗಿ ದೂರದರ್ಶನ ತೋರಿಸಿದ ‘ಸೈಟ್’ ಪ್ರಯೋಗದಲ್ಲಿ ಈ ಜಿಲ್ಲೆಯ ಹಳ್ಳಿಗಳೂ ಇದ್ದವು. ಮುಂದೆ 1982ರಲ್ಲಿ ಹಾಸನದ ಉಪಗ್ರಹ ನಿಯಂತ್ರಣ ಕೇಂದ್ರವೂ, 2008ರಲ್ಲಿ ಬ್ಯಾಲಾಳುವಿನ 32 ಮೀಟರ್ ಆಂಟೆನಾವೂ ನಮ್ಮ ರಾಜ್ಯದಲ್ಲಿಯೇ ತಲೆಯೆತ್ತಿದವು. ಇಂಥ ಕೇಂದ್ರಗಳನ್ನು ನಡೆಸಲು ಆಂಟೆನಾ ಕಟ್ಟುವವರಷ್ಟೇ ಅದನ್ನು ಕಾಯುವವರೂ ಬೇಕು.

2009ರ ಸೆಪ್ಟೆಂಬರ್-ಅಕ್ಟೋಬರ್‌ನ ಭಾರಿ ಮಳೆಗೆ ನದಿಗಳು ಉಕ್ಕಿ ಈ ಜಿಲ್ಲೆಯ ಅನೇಕ ಹಳ್ಳಿಗಳು ಜಲಾವೃತವಾದವು. ಅಂಥ ದಿನಗಳಲ್ಲಿಯೇ ಗಾಳಿ ಅತ್ಯಂತ ತೇವವಾಗಿರುವುದು. ಎಚ್ಚರಿಕೆಯ ಮಾತು ಜನರನ್ನು ತಲುಪಲೇಬೇಕಾದುದೂ ಆಗಲೇ. ಜೋಳವನ್ನು ಹಗೇವಿಗೆ ಇಳಿಸುವ ರೈತನು ಮಳೆ ಬಂದ ಮೇಲೆ ತೇವದ ಚಿಂತೆ ಮಾಡುವುದಿಲ್ಲ; ಮೊದಲೇ ಸುತ್ತಲೂ ಒಣಹುಲ್ಲನ್ನು ಒತ್ತುತ್ತಾನೆ. ನಾಳೆ ಪ್ರಸಾರ ಕೇಂದ್ರಗಳ ಹೊಣೆ ಹೊರಲಿರುವ ನಮ್ಮ ವಿದ್ಯಾರ್ಥಿಗಳು ಆ ರೈತನ ದೂರದೃಷ್ಟಿಯನ್ನು ಯಂತ್ರಶಾಲೆಗೂ ಕೊಂಡೊಯ್ಯಲಿ.